ಒಕ್ಕಲು ಕಾಯಕವೂ ಅನ್ನದ ಶುದ್ಧಿಯೂ

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಬಾಳಿ ತೋರಿಸಿದುದು ಹನ್ನೆರಡನೆಯ ಶತಮಾನದ ಶರಣರ ಹಿರಿಮೆ. ಹಗ್ಗ ಹೊಸೆದ ನುಲಿಯ ಚಂದಯ್ಯನಿಗೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನಿಗೂ ದೊರೆತ ಮನ್ನಣೆಯೇ ಒಕ್ಕಲಿಗ ಮುದ್ದಣ್ಣನಿಗೂ ದೊರೆಯಿತು. ಬೇಸಾಯದ ಪರಿಭಾಷೆಯಲ್ಲಿಯೇ ಅಧ್ಯಾತ್ಮವನ್ನು ನುಡಿದ ಆ ಶರಣನಿಗೆ ಹೊಲವು ಬೇರೆ, ಸಾಧನೆಯು ಬೇರೆ ಆಗಿರಲಿಲ್ಲ. ಎರಡು ಮೂರು ಎಕರೆ ನೆಲವನ್ನು ಉತ್ತು, ಬಂದ ಬೆಳೆಯಿಂದಲೇ ರೊಟ್ಟಿ, ಹಿಂಡಿ, ಹಪ್ಪಳಗಳನ್ನು ಮಾಡಿ ಸಂಸಾರ ಸಾಗಿಸುವ ಸದ್ಭಕ್ತರಿಗೆ ಈ ದೃಷ್ಟಿಯು ದಾರಿದೀಪವಾಗಬಲ್ಲುದು.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನು ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದಳೆಂಬ ಕಥೆಯು ಪ್ರಸಿದ್ಧವಾಗಿದೆ. ಹಾಗಾದರೆ ವರ್ಷದ ಕಾಳನ್ನು ಮನೆಯಲ್ಲಿ ತುಂಬಿಡುವ ಒಕ್ಕಲಿಗನು ದೋಷಿಯೇ?

ಅಲ್ಲ. ಅಕ್ಕಿ ಆಯುವವನಿಗೆ ದಿನದಿನವೂ ಸುಗ್ಗಿ, ಒಕ್ಕಲಿಗನಿಗೆ ಹಾಗಲ್ಲ. ಎರೆಯ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತಿದರೆ ರಾಶಿಯಾಗುವುದು ಮಾಘ ಫಾಲ್ಗುಣದಲ್ಲಿ, ಅದೂ ವರ್ಷಕ್ಕೊಮ್ಮೆ. ಬೀಜಕ್ಕೆ, ಮನೆಗೆ, ದಾಸೋಹಕ್ಕೆ, ಬರಗಾಲಕ್ಕೆ ಎಂದು ಎತ್ತಿಡುವುದು ವಿವೇಕ. ನೆರೆಯವನ ಒಲೆ ಆರಿದ ಕಾಲದಲ್ಲಿ ಬೆಲೆಯೇರಲೆಂದು ಚೀಲಗಳನ್ನು ಬಚ್ಚಿಡುವುದು ಲೋಭ. ಲಕ್ಕಮ್ಮನು ನಿವಾರಿಸಿದುದು ಈ ಲೋಭವನ್ನೇ. ಆದುದರಿಂದ ಎಷ್ಟು ಕೂಡಿತೆಂಬುದಕ್ಕಿಂತ ಏತಕ್ಕಾಗಿ ಕೂಡಿತೆಂಬುದೇ ಮುಖ್ಯ.

ಕೂಡಿಟ್ಟುದನ್ನು ಕೆಡದಂತೆ ಕಾಯುವುದೂ ಕಾಯಕದ ಅಂಗವೇ ಆಗಿದೆ. ಹಲ್ಲಿನಲ್ಲಿ ಕಡಿದರೆ ಕಟಕ್ಕೆನ್ನುವಷ್ಟು ಕಾಳು ಒಣಗಿರಬೇಕು; ತೇವವು ನೂರಕ್ಕೆ 12 ಪಾಲಿಗಿಂತ ಹೆಚ್ಚಿದ್ದರೆ ಹುಳುವಿಗೂ ಬೂಸಲಿಗೂ ಆಹ್ವಾನವಿತ್ತಂತೆ. ನೆಲದೊಳಗಿನ ಹಗೇವು ಉತ್ತಮ ಕಣಜವೇ ಸರಿ. ಆದರೆ ಮುಚ್ಚಿದ ಕಾಳು ಉಸಿರಾಡಿ ಪ್ರಾಣವಾಯುವನ್ನು ಕಳೆದು ಕೆಟ್ಟ ಗಾಳಿಯನ್ನು ತುಂಬುತ್ತದೆ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಿಸದೆ ಯಾರೂ ಅದರೊಳಗೆ ಇಳಿಯಕೂಡದು. ಒಳಗೆ ಬಿದ್ದವನನ್ನು ಎತ್ತಲು ಅವಸರದಿಂದ ಇಳಿದವನೂ ಪ್ರಾಣ ಕಳೆದುಕೊಳ್ಳುವನು.

ಹೊಲದಿಂದ ಒಲೆಗೆ ಬಂದಾಗಲೂ ಪದಾರ್ಥದ ಗುಣವನ್ನು ಅರಿಯಬೇಕು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿವ ಎಸರು ಹಿಟ್ಟಿನ ಪಿಷ್ಟವನ್ನು ಬೇಯಿಸಿ ಅಂಟು ತರುವುದರಿಂದಲೇ ರೊಟ್ಟಿ ಹರಿಯದೆ ಬಡಿಯಲು ಬರುತ್ತದೆ. ಸಜ್ಜೆಯಲ್ಲಿ ಜಿಡ್ಡು ಹೆಚ್ಚು. ಅದರ ಹಿಟ್ಟು ಬೇಗನೆ ಕಹಿಯಾಗುವುದರಿಂದ ಕೆಲವು ದಿನಗಳಿಗಾಗುವಷ್ಟನ್ನೇ ಬೀಸಿಕೊಳ್ಳಬೇಕು. ಕಟಿರೊಟ್ಟಿಯು ಬಹುಕಾಲ ಬಾಳುವುದು ಅದರಲ್ಲಿ ನೀರಿನಂಶ ಉಳಿಯದಿರುವುದರಿಂದ; ತುಸು ಮೆತ್ತಗಿದ್ದುದನ್ನು ಕಟ್ಟಿಟ್ಟರೆ ಬೂಸಲು ತಪ್ಪದು.

ಎಲ್ಲಕ್ಕಿಂತ ಎಚ್ಚರವಿರಬೇಕಾದುದು ಶೇಂಗಾದಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿಯ ಮೇವಿನಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅದಕ್ಕೆ ಕಾರಣ ಬೂಸಲಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವೆಂದು ಬಳಿಕ ತಿಳಿಯಿತು. ಅದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ಣವಾಗಿ ಅಳಿಯದು. ಬಣ್ಣಗೆಟ್ಟ, ಮುರುಟಿದ ಕಾಳನ್ನು ಬೆಳ್ಳುಳ್ಳಿ ಖಾರದೊಡನೆ ಕುಟ್ಟಿದರೆ ನಾಲಗೆಗೆ ತಿಳಿಯದೆ ಹೋಗಬಹುದು. ದೇಹಕ್ಕೆ ತಿಳಿಯದೆ ಹೋಗದು. ದನಕ್ಕೆ ಹಾಕಿದರೆ ಆ ದೋಷ ಹಾಲಿಗೂ ಇಳಿಯುವುದು. ಅಂಥ ಕಾಳನ್ನು ನಷ್ಟವೆಂದು ತಿಳಿದು ಎಸೆಯುವುದೇ ಸತ್ಯಶುದ್ಧ ಕಾಯಕ. ಯಾರೂ ನೋಡದಿರುವ ಆ ಗಳಿಗೆಯಲ್ಲಿಯೇ ಭಕ್ತನ ಪರೀಕ್ಷೆ ನಡೆಯುವುದು.

ಮನೆಯಲ್ಲಿ ಮಾಡಿದುದನ್ನು ಮಾರುವುದರಲ್ಲಿ ಅವಮಾನವಿಲ್ಲ. ಅಳತೆ ಸರಿಯಿರಬೇಕು, ಹಳತನ್ನು ಹೊಸದೆನ್ನಬಾರದು, 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಬೇಕು. ಕಳೆ ತೆಗೆದ ಆಳಿನ ಕೂಲಿಯನ್ನು ಬೆವರಾರುವ ಮುನ್ನ ಕೊಡಬೇಕು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ತಾಯಂದಿರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬಂದ ಹಣವನ್ನೆಲ್ಲ ಗಂಡಸು ಜೇಬಿಗಿಳಿಸಿದರೆ ಆ ಕಾಯಕವು ಅರ್ಧವೇ ಶುದ್ಧವಾದಂತೆ. ಮಾರಯ್ಯನ ಮನೆಯಲ್ಲಿ ಎಷ್ಟು ಸಾಕೆಂದು ಹೇಳಿದವಳು ಲಕ್ಕಮ್ಮ ಎಂಬುದನ್ನು ಮರೆಯಲಾಗದು.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಹರಿದುಬರುತ್ತವೆ. ಯಾರ ಮನೆಯ ರೊಟ್ಟಿ ಯಾರ ಎಲೆಗೆ ಬಿದ್ದಿತೆಂದು ಅಲ್ಲಿ ಯಾರೂ ಅರಿಯರು. ಹೆಸರಿಲ್ಲದ ಆ ರೊಟ್ಟಿಯನ್ನೂ ತನ್ನ ಮಕ್ಕಳಿಗೆ ಬಡಿಸುವ ಕಾಳಿನಿಂದಲೇ ಮಾಡಿದವನು ದಾಸೋಹವನ್ನು ಅರಿತವನು. ಒಳ್ಳೆಯದನ್ನು ಪೇಟೆಗೆ, ನಡುತರದ್ದನ್ನು ಮನೆಗೆ, ಕಡೆಯದನ್ನು ಮಠಕ್ಕೆ ಎಂದು ಮೂರು ರಾಶಿ ಮಾಡುವವನು ಎಷ್ಟು ಚೀಲ ಕೊಟ್ಟರೂ ಕೊಟ್ಟವನಲ್ಲ. ಕಣದಲ್ಲಿ ರಾಶಿ ಒಂದೇ ಇರಲಿ. ಅದರಿಂದಲೇ ಮೂವರಿಗೂ ಸಲ್ಲಲಿ.