ಮಳೆಗಾಲ ಬರೆಯುವ ಗರಿ: ಲಕ್ಕಾ ಪಾರಿವಾಳ ಸಾಕಿ ಕಲಿತ ಏಳು ಪಾಠ

ಪ್ರದರ್ಶನದ ದಿನ ತೀರ್ಪುಗಾರರು ಬಿಡಿಸಿ ನೋಡುವ ಗರಿ ಅದಕ್ಕೂ ಎಷ್ಟೋ ತಿಂಗಳ ಹಿಂದೆ ಬೆಳೆದದ್ದು. ಪಾರಿವಾಳ ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸದು ತೊಡುತ್ತದೆ. ನಮ್ಮ ಕಡೆ ಅದರ ಹೆಚ್ಚಿನ ಪಾಲು ನಡೆಯುವುದು ಮಳೆಗಾಲದಲ್ಲಿ. ವರದಹಳ್ಳಿಯಲ್ಲಿ ಶ್ರೀಧರಾಶ್ರಮದ ಗುಡ್ಡಕ್ಕೆ ಮೋಡ ಕವಿಯಿತೆಂದರೆ ಉಟ್ಟ ಬಟ್ಟೆಯೂ ಒಣಗುವುದಿಲ್ಲ. ಆ ಮಳೆಯಲ್ಲಿ ಹಕ್ಕಿ ನೆಮ್ಮದಿಯಾಗಿದ್ದರೆ ಮಾತ್ರ ಚಳಿಗಾಲದ ಪ್ರದರ್ಶನಕ್ಕೆ ಅದು ತಯಾರು. ಸಾಮಾನ್ಯ ಪಾರಿವಾಳಕ್ಕೆ ಬಾಲದಲ್ಲಿ 12 ಗರಿ; ಲಕ್ಕಾಕ್ಕೆ 30ರ ಆಸುಪಾಸು. ಐನ್-ಇ-ಅಕ್ಬರಿಯಲ್ಲೂ ಹೆಸರಿರುವ ಈ ತಳಿಯ ಚೆಲುವೆಲ್ಲ ಗರಿಯಲ್ಲೇ ಇದೆ.

1. ಗರಿಯನ್ನು ಓದಲು ಕಲಿಯಿರಿ

ಒಮ್ಮೆ ನನ್ನ ಬಿಳಿ ಗಂಡಿನ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದೆ. ಏಳನೇ ಗರಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳುವಾದ ಗೆರೆ. ಉಗುರು ತಾಗಿಸಿದರೆ ಅಲ್ಲೇ ಮುರಿಯುವಂತಿತ್ತು. ಇನ್ನೊಂದು ರೆಕ್ಕೆಯ ಏಳನೇ ಗರಿಯಲ್ಲೂ ಅಷ್ಟೇ ಎತ್ತರದಲ್ಲಿ ಅದೇ ಗೆರೆ. ರೆಕ್ಕೆಯ ಹತ್ತು ದೊಡ್ಡ ಗರಿಗಳು ಎರಡೂ ಕಡೆ ಜೊತೆಜೊತೆಗೆ, ಒಳಗಿನಿಂದ ಹೊರಕ್ಕೆ ಒಂದಾದ ಮೇಲೊಂದು ಬದಲಾಗುತ್ತವೆ. ಹಾಗಾಗಿ ಇದು ಪೆಟ್ಟಿನ ಗುರುತಲ್ಲವೆಂದು ತಿಳಿಯಿತು. ದಿನ ಲೆಕ್ಕ ಹಾಕಿದೆ: ಕಬ್ಬೆಕ್ಕು ರಾತ್ರಿಯಿಡೀ ಜಾಲರಿ ಕೆರೆದು ಹೋದ ವಾರ. ಹಕ್ಕಿಗೆ ಒಂದು ಗಾಯವೂ ಆಗಿರಲಿಲ್ಲ. ಹೆದರಿಕೆ ಮಾತ್ರ ಗರಿಯಲ್ಲಿ ಉಳಿದಿತ್ತು. ಹಸಿವು, ಜ್ವರಗಳೂ ಹೀಗೇ ಗೆರೆ ಎಳೆಯುತ್ತವೆ.

2. ಚಳಿಗಿಂತ ತೇವಕ್ಕೆ ಹೆದರಿ

ಮಳೆಗೆ ಹೆದರಿ ಗೂಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿದದ್ದು ನನ್ನ ಮೊದಲ ತಪ್ಪು. ಒಳಗೆ ಹಿಕ್ಕೆಯ ಘಾಟು ಕಟ್ಟಿಕೊಂಡು ಹಕ್ಕಿಗಳು ಸೀನತೊಡಗಿದವು. ಈಗ ಇರಚಲು ಹೊಡೆಯುವ ಕಡೆಗಷ್ಟೇ ಮರೆ. ಎದುರು ಬದಿ ಮೇಲ್ಗಡೆ ಗಾಳಿಗೆ ತೆರವು. ನೆಲದಿಂದ ಎರಡಡಿ ಮೇಲೆ, ಸಂದು ಬಿಟ್ಟು ಜೋಡಿಸಿದ ಅಡಿಕೆ ದಬ್ಬೆಯ ಅಟ್ಟಣಿಗೆ. ಹಿಕ್ಕೆ ಕೆಳಗೆ ಬೀಳುತ್ತದೆ, ಲಕ್ಕಾದ ಕಾಲ್ಗರಿ ಕೊಳೆಯಾಗುವುದಿಲ್ಲ. ರಕ್ತಭೇದಿ ತರುವ ಕಾಕ್ಸಿಡಿಯಾ ಒದ್ದೆ ಹಿಕ್ಕೆಯಲ್ಲೇ ಬಲಿಯುವುದು.

3. ಕಾಳನ್ನು ಮೂಸಿ ನೋಡಿ ಹಾಕಿ

ಮಳೆಗಾಲದ ಮೆಕ್ಕೆಜೋಳಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಅದರ ವಿಷ ಯಕೃತ್ತಿಗೆ ಇಳಿಯುತ್ತದೆ; ತೊಳೆದರೆ ಹೋಗದು. ಮುಗ್ಗಲು ವಾಸನೆ ಬಂದರೆ ಆ ಚೀಲವನ್ನೇ ಬಿಡಿ. ದಿನಕ್ಕೆ ಹಕ್ಕಿಗೆ 30ರಿಂದ 40 ಗ್ರಾಂ ಸಾಕು. ಗರಿ ಬರುವಾಗ ಬಟಾಣಿ, ಹೆಸರುಕಾಳು ಹೆಚ್ಚಿಸಿ. ಗರಿ ಕಟ್ಟುವುದು ಪ್ರೋಟೀನಿನಿಂದ. ಮೊಟ್ಟೆಚಿಪ್ಪು, ಸಣ್ಣ ಹರಳುಗಳು ಯಾವಾಗಲೂ ಎದುರಿಗಿರಲಿ.

4. ತೋಟಕ್ಕೆ ಮದ್ದು ಹೊಡೆಯುವ ದಿನ ಗೂಡು ಮುಚ್ಚಿ

ಕೊಳೆರೋಗಕ್ಕೆ ಬೋರ್ಡೋ ಹೊಡೆಯದ ಅಡಿಕೆ ತೋಟ ನಮ್ಮಲ್ಲಿಲ್ಲ. ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀರಿಗೆ ಹಕ್ಕಿ ಕೊಕ್ಕಿಡಬಾರದು. ಆ ದಿನಗಳಲ್ಲಿ ಹೊರಗೆ ಬಿಡುವುದಿಲ್ಲ, ನೀರಿನ ತಟ್ಟೆಯನ್ನು ಒಳಗೇ ಇಡುತ್ತೇನೆ. ಬಿಸಿಲು ಬಿದ್ದ ದಿನ ಅಗಲ ಬೋಗುಣಿಯಲ್ಲಿ ಸ್ನಾನದ ನೀರು ಇಟ್ಟು ನೋಡಿ, ಗರಿಯ ಹೊಳಪೇ ಬೇರೆ.

5. ಒಂದೇ ಹೊತ್ತು, ಒಂದೇ ಕೈ

ಪಾರಿವಾಳ ಶಬ್ದಕ್ಕೆ ಒಗ್ಗಿಕೊಳ್ಳುತ್ತದೆ, ಗೊತ್ತುಗುರಿಯಿಲ್ಲದ ದಿನಚರಿಗೆ ಒಗ್ಗುವುದಿಲ್ಲ. ಕಾಳು ಹಾಕುವ ಹೊತ್ತು ಬದಲಿಸಬೇಡಿ. ಪ್ರತಿ ಹಕ್ಕಿಗೂ ಅದರದೇ ಕೂರುವ ಜಾಗ ಇರಲಿ. ಜಾಗ ಸಾಲದಿದ್ದರೆ ದಿನವಿಡೀ ಕಾಳಗ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಹೆಣ್ಣು ಬೇರೆಯಿಡಿ. ಮೊಟ್ಟೆ, ಮರಿಗೆಂದು ಸೊರಗಿದ ತಾಯಿ ಒಳ್ಳೆಯ ಗರಿ ತೊಡಲಾರದು.

6. ಪಂಜರವನ್ನು ಮನೆಯಲ್ಲೇ ಪರಿಚಯಿಸಿ

ಪ್ರದರ್ಶನಕ್ಕೆ ತಿಂಗಳಿರುವಾಗಲೇ ದಿನಕ್ಕೆ ಕಾಲು ಗಂಟೆ ಪಂಜರದಲ್ಲಿಟ್ಟು ಒಂದೆರಡು ಕಡಲೆಕಾಯಿ ಬೀಜ ಕೊಡುತ್ತೇನೆ. ಮಕ್ಕಳು ಹತ್ತಿರ ನಿಂತು ಮಾತಾಡಲಿ. ಹೀಗೆ ಪಳಗಿದ ಲಕ್ಕಾ ಅಪರಿಚಿತರ ಎದುರೂ ಎದೆಯುಬ್ಬಿಸಿ ಬಾಲ ಬಿಡಿಸುತ್ತದೆ. ಹೆದರಿದ್ದು ಮೂಲೆಗೊತ್ತಿ ಬಾಲ ಮುದುಡುತ್ತದೆ. ಪ್ರದರ್ಶನದಿಂದ ತಿರುಗಿ ಬಂದ ಹಕ್ಕಿಯನ್ನು ಎರಡು ವಾರ ಬೇರೆ ಗೂಡಿನಲ್ಲಿಡಿ.

7. ಬೆಳಗಿನ ಹಿಕ್ಕೆ ನೋಡದೆ ಕಾಳು ಹಾಕಬೇಡಿ

ಗಟ್ಟಿ ಗುಂಡಗೆ, ಮೇಲೆ ಬಿಳಿ ಟೋಪಿ ಇದ್ದರೆ ಆರೋಗ್ಯ. ಹಸಿರು ನೀರಾದರೆ ಆ ಹಕ್ಕಿಯನ್ನು ಆಗಲೇ ಬೇರೆಯಿಡಿ. ಕತ್ತು ತಿರುಚುವುದು, ಗಂಟಲಲ್ಲಿ ಹಳದಿ ಗಿಣ್ಣಿನಂಥದು, ಕಣ್ಣಿನ ಸುತ್ತ ಸಿಡುಬಿನ ಗಂಟು ಕಂಡರೆ ಅಂಗಡಿಯ ಮಾತ್ರೆ ಊಹಿಸಿ ಕೊಡಬೇಡಿ. ಪಶುವೈದ್ಯರಿಗೆ, ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ತೋರಿಸಿ. ಸಿಡುಬು ಸೊಳ್ಳೆಯಿಂದಲೂ ಹರಡುವ ಕಾರಣ ಮಳೆಗಾಲದಲ್ಲಿ ಜಾಲರಿಯ ಮೇಲೆ ಸೊಳ್ಳೆಪರದೆ ಬೇಕು. ಗೂಡು ಗುಡಿಸುವಾಗ ನೀವೂ ಮಾಸ್ಕ್ ಹಾಕಿ. ಆ ದೂಳು ವರ್ಷಗಟ್ಟಲೆ ಸೇರಿದರೆ ಸಾಕುವವರ ಶ್ವಾಸಕೋಶ ಕೆಡುತ್ತದೆ.

ಗೆರೆ ಬಿದ್ದ ಆ ಬಿಳಿ ಗಂಡನ್ನು ಆ ವರ್ಷ ಎಲ್ಲಿಗೂ ಒಯ್ಯಲಿಲ್ಲ. ಗೂಡಿನ ಕಂಬಗಳಿಗೆ ನುಣುಪಾದ ತಗಡು ಸುತ್ತಿದೆ. ಕಬ್ಬೆಕ್ಕು ಮತ್ತೆ ಹತ್ತಲಿಲ್ಲ. ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದೆ. ಏಳನೇ ಗರಿಯಲ್ಲಿ ಬುಡದಿಂದ ತುದಿಯವರೆಗೂ ಒಂದೂ ಗೆರೆ ಇರಲಿಲ್ಲ.