ತೋರಿಸಿದ ಮಾತ್ರಕ್ಕೆ ಟಿ ಕೋಶ ಏಳುವುದಿಲ್ಲ

ರಕ್ತದಿಂದ ಡೆಂಡ್ರಿಟಿಕ್ ಕೋಶಗಳನ್ನು ಬೆಳೆಸಿ, ಸಹಾಯಕ ಟಿ ಕೋಶಗಳ ಜೊತೆ ಬಿಟ್ಟು ಏನಾಗುತ್ತದೆಂದು ನೋಡುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು.

1. ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿ. ರಕ್ತದ ಮಾನೊಸೈಟ್‌ಗಳಿಗೆ ಜಿಎಂ-ಸಿಎಸ್‌ಎಫ್ ಮತ್ತು ಐಎಲ್-4 ಕೊಟ್ಟರೆ ಒಂದು ವಾರದೊಳಗೆ ಎಳೆಯ ಡೆಂಡ್ರಿಟಿಕ್ ಕೋಶಗಳು ಸಿಗುತ್ತವೆ. ಇವು ಸುತ್ತಲಿನದನ್ನೆಲ್ಲ ನುಂಗುತ್ತವೆ, ಆದರೆ ಟಿ ಕೋಶಗಳನ್ನು ಎಬ್ಬಿಸುವ ಬಲ ಕಡಿಮೆ. ಬ್ಯಾಕ್ಟೀರಿಯಾದ ಎಲ್‌ಪಿಎಸ್ ಹಾಕಿ ಒಂದು ರಾತ್ರಿ ಇಟ್ಟರೆ ಮೈಯಿಂದ ಉದ್ದುದ್ದ ಚಾಚುಗಳು ಹೊರಡುತ್ತವೆ, ನುಂಗುವುದು ಇಳಿಯುತ್ತದೆ, ಸಿಡಿ83, ಸಿಡಿ86 ಏರುತ್ತವೆ. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್‌ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಈ ಕೋಶವನ್ನು ಗುರುತಿಸಿದ್ದೂ ಅದರ ಆಕಾರದಿಂದಲೇ.

2. ಸುಮ್ಮನಿರುವ ಟಿ ಕೋಶವನ್ನೂ ಗಮನಿಸಿ. ಡೆಂಡ್ರಿಟಿಕ್ ಕೋಶ ಪ್ರತಿಜನಕದ ತುಣುಕನ್ನು ಎಂಎಚ್‌ಸಿ-2ರ ಮೇಲೆ ಹೊತ್ತು ತೋರಿಸುವುದು ಮೊದಲ ಸಂಕೇತ. ಅದರ ಮೈಮೇಲಿನ ಸಿಡಿ80, ಸಿಡಿ86 ಹೋಗಿ ಟಿ ಕೋಶದ ಸಿಡಿ28ಕ್ಕೆ ಅಂಟುವುದು ಎರಡನೆಯದು. ಮೊದಲನೆಯದಷ್ಟೇ ಸಿಕ್ಕಿದ ಟಿ ಕೋಶ ಆಮೇಲೆ ಎರಡೂ ಒಟ್ಟಿಗೆ ಸಿಕ್ಕಿದರೂ ಓಗೊಡದಂತಾಗಬಹುದು. ಜೆಂಕಿನ್ಸ್ ಮತ್ತು ಶ್ವಾರ್ಟ್ಜ್ 1987ರಲ್ಲಿ ಇಲಿಯ ಟಿ ಕೋಶಗಳಲ್ಲಿ ಇದನ್ನು ತೋರಿಸಿದರು. ನಮ್ಮ ಮೈಯ ಪ್ರೋಟೀನುಗಳ ತುಣುಕುಗಳನ್ನೂ ಡೆಂಡ್ರಿಟಿಕ್ ಕೋಶಗಳು ಸದಾ ತೋರಿಸುತ್ತಲೇ ಇರುತ್ತವೆ. ಸೋಂಕಿಲ್ಲದಾಗ ಎರಡನೆಯ ಸಂಕೇತ ತಗ್ಗಿರುವುದರಿಂದಲೇ ನಾವು ಬದುಕಿದ್ದೇವೆ ಎಂದರೂ ತಪ್ಪಲ್ಲ. ಹಾಗಾಗಿ ಪ್ರತಿಕ್ರಿಯೆ ಬರಲಿಲ್ಲವೆಂದು ಪ್ಲೇಟನ್ನು ಎಸೆಯಬೇಡಿ. ಐಎಲ್-2 ಹಾಕಿ ನೋಡಿ. ಕೋಶಗಳು ಮತ್ತೆ ವಿಭಜಿಸತೊಡಗಿದರೆ ಅವು ಸತ್ತಿರಲಿಲ್ಲ, ಅವುಗಳ ಬಾಯಿ ಕಟ್ಟಿತ್ತು ಅಷ್ಟೆ.

3. ಎಂಡೊಟಾಕ್ಸಿನ್, ಅಂದರೆ ಆ ಎಲ್‌ಪಿಎಸ್ ಬಗ್ಗೆಯೇ, ಯಾವಾಗಲೂ ಅನುಮಾನವಿರಲಿ. ಇ. ಕೋಲೈಯಲ್ಲಿ ತಯಾರಾದ ಪ್ರೋಟೀನಿನ ಜೊತೆ ಅದು ಬಂದೇ ಬರುತ್ತದೆ. ಎಳ್ಳಷ್ಟು ಉಳಿದರೂ ಡೆಂಡ್ರಿಟಿಕ್ ಕೋಶ ಬಲಿತುಬಿಡುತ್ತದೆ. ಆಗ ನೀವು ಪ್ರೋಟೀನಿನ ಗುಣವೆಂದು ಬರೆದುಕೊಂಡದ್ದು ಬ್ಯಾಕ್ಟೀರಿಯಾದ್ದಾಗಿರುತ್ತದೆ. ಅದೇ ಪ್ರೋಟೀನನ್ನು ಕುದಿಸಿ ಪ್ಲೇಟಿನ ಇನ್ನೊಂದು ಕುಳಿಗೆ ಹಾಕಿ. ಕುದಿಸಿದರೆ ಪ್ರೋಟೀನು ಕೆಡುತ್ತದೆ, ಎಲ್‌ಪಿಎಸ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಪರಿಣಾಮ ಹಾಗೇ ಉಳಿದರೆ ಉತ್ತರ ಸಿಕ್ಕಿತು.

4. ಟಿ ಕೋಶ ಎದ್ದಿತೇ ಎಂದಷ್ಟೇ ಕೇಳಬೇಡಿ, ಯಾವ ಬಗೆಯದಾಯಿತು ಎಂದೂ ಕೇಳಿ. ಡೆಂಡ್ರಿಟಿಕ್ ಕೋಶ ಐಎಲ್-12 ಸುರಿಸಿದರೆ ಇಂಟರ್‌ಫೆರಾನ್-ಗಾಮಾ ಮಾಡುವ ಟಿಎಚ್1 ಕಡೆಗೆ, ಐಎಲ್-6, ಐಎಲ್-23 ಇದ್ದಲ್ಲಿ ಟಿಎಚ್17 ಕಡೆಗೆ ವಾಲುತ್ತದೆ. ಐಎಲ್-12 ಅಳೆಯುವಾಗ ಇಡೀ ಅಣುವಾದ ಪಿ70 ಅಳೆಯಿರಿ. ಅದರ ಒಂದು ಭಾಗವಾದ ಪಿ40 ಐಎಲ್-23ರಲ್ಲೂ ಇರುತ್ತದೆ.

5. ಮೊದಲ ದಿನ ಪ್ಲೇಟ್ ಅಲುಗಿಸಬೇಡಿ. ಡೆಂಡ್ರಿಟಿಕ್ ಕೋಶದ ಸುತ್ತ ಟಿ ಕೋಶಗಳು ಗುಂಪುಗಟ್ಟುವ ಹೊತ್ತು ಅದು.

6. ಮಾತು ಎರಡೂ ಕಡೆಯಿಂದ ನಡೆಯುತ್ತದೆ. ಎದ್ದ ಟಿ ಕೋಶ ತನ್ನ ಸಿಡಿ40 ಲಿಗ್ಯಾಂಡ್ ಮೂಲಕ ಡೆಂಡ್ರಿಟಿಕ್ ಕೋಶವನ್ನು ಇನ್ನಷ್ಟು ಹುರಿದುಂಬಿಸುತ್ತದೆ. ನಿಯಂತ್ರಕ ಟಿ ಕೋಶ ಸಿಟಿಎಲ್‌ಎ-4ರಿಂದ ಸಿಡಿ80, ಸಿಡಿ86ಗಳನ್ನು ಹಿಡಿದು ಕಿತ್ತು ತನ್ನೊಳಗೆಳೆದುಕೊಳ್ಳುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಅಬಾಟಸೆಪ್ಟ್ ಕೂಡ ಇದೇ ಎರಡು ಅಣುಗಳನ್ನು ಮುಚ್ಚಿ ಎರಡನೆಯ ಸಂಕೇತವನ್ನು ತಡೆಯುತ್ತದೆ. ಪ್ರಯೋಗದ ಕೊನೆಗೆ ಟಿ ಕೋಶಗಳನ್ನು ಮಾತ್ರ ಎಣಿಸಿ ಏಳಬೇಡಿ. ಡೆಂಡ್ರಿಟಿಕ್ ಕೋಶಗಳ ಮೇಲೆ ಸಿಡಿ86 ಎಷ್ಟು ಉಳಿದಿದೆ ಎಂದೂ ನೋಡಿ.