ಕೊರಿಯನ್ ಭಾಷೆಯಲ್ಲಿ ಸಲಹೆ ನೀಡುವ, ಅಭಿಪ್ರಾಯ ಕೇಳುವ ಪ್ರತ್ಯಯಗಳು

ಭಾರತ ಮತ್ತು ದಕ್ಷಿಣ ಕೊರಿಯಾಗಳ ನಡುವಿನ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು 2010ರ ಜನವರಿ 1ರಂದು ಜಾರಿಗೆ ಬಂದಿತು. ಆ ದೇಶದ ಗ್ರಾಹಕರೊಡನೆ ಪತ್ರವ್ಯವಹಾರವು ಇಂಗ್ಲಿಷಿನಲ್ಲಿ ನಡೆದರೂ, ಅವರ ಕೆಲವು ಕ್ರಿಯಾಪ್ರತ್ಯಯಗಳನ್ನು ಅರಿತ ಉದ್ದಿಮೆದಾರರಿಗೆ ಎದುರಿನವರ ಮಾತಿನ ತೂಕ ತಿಳಿಯುತ್ತದೆ. ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ಕನ್ನಡದಂತೆ ಅಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ಹೇಳುವವರ ಮನೋಭಾವವನ್ನೂ ಕೇಳುವವರಿಗೆ ಸಲ್ಲುವ ಗೌರವವನ್ನೂ ಅದರ ಪ್ರತ್ಯಯವೇ ಸೂಚಿಸುತ್ತದೆ.

ಇವುಗಳಲ್ಲಿ ಮುಖ್ಯವಾದುದು 'ಲ್ಕಾಯೊ'. ಕನ್ನಡದ ಮೂರು ರೂಪಗಳ ಕೆಲಸವನ್ನು ಇದೊಂದೇ ನಿರ್ವಹಿಸುತ್ತದೆ. ತನ್ನನ್ನು ಕುರಿತು 'ಬೊನೆಲ್ಕಾಯೊ' ಎಂದರೆ 'ಕಳುಹಿಸಲೇ?', ಇಬ್ಬರನ್ನೂ ಸೇರಿಸಿ 'ಮನ್ನಲ್ಕಾಯೊ' ಎಂದರೆ 'ಭೇಟಿಯಾಗೋಣವೇ?'; ಬೆಲೆಯನ್ನು ಕುರಿತು 'ಒರುಲ್ಕಾಯೊ' ಎಂದರೆ 'ಏರೀತೇ?'. ಕೊರಿಯನ್ನರು ಕರ್ತೃಪದವನ್ನು ಅನೇಕ ವೇಳೆ ಬಿಟ್ಟೇ ಮಾತನಾಡುವುದರಿಂದ ಸಂದರ್ಭದಿಂದಲೇ ಅರ್ಥವನ್ನು ಗ್ರಹಿಸಬೇಕು. ಗ್ರಾಹಕರಿಗೆ ಸರಕಿನ ಮಾದರಿಯನ್ನು ಕಳುಹಿಸುವ ಮಾತಾದರೆ 'ಬೊನೆ ದುರಿಲ್ಕಾಯೊ' ಎಂಬುದೇ ಲೇಸು. 'ಕಳುಹಿಸಿಕೊಡಲೇ' ಎಂಬಲ್ಲಿನ 'ಕೊಡು' ಇದ್ದಂತೆಯೇ ಅಲ್ಲಿಯೂ ಕೊಡುವ ಕ್ರಿಯೆಯೊಂದು ಸೇರುತ್ತದೆ, ಅದೂ ವಿನಯದ ರೂಪದಲ್ಲಿ.

ಎಡವುವುದು 'ಪ್ಸಿದಾ' ಎಂಬಲ್ಲಿ. ವ್ಯಾಕರಣದ ಪ್ರಕಾರ ಇದು ಔಪಚಾರಿಕ ರೂಪವೇ ಸರಿ. ಆದರೆ ಹಿರಿಯರಿಗೋ ಗ್ರಾಹಕರಿಗೋ 'ಮನ್ನಪ್ಸಿದಾ', ಅಂದರೆ 'ಭೇಟಿಯಾಗೋಣ', ಎಂದರೆ ತೀರ್ಮಾನವನ್ನು ತಾನೇ ಮಾಡಿ ತಿಳಿಸಿದಂತಾಗಿ ಉದ್ಧಟತನವೆನಿಸುತ್ತದೆ. 'ಮನ್ನಲ್ಲೆಯೊ' ಎಂಬುದು ಎದುರಿನವರ ಇಚ್ಛೆಯನ್ನು ವಿಚಾರಿಸುವ ಸಲಿಗೆಯ ಮಾತು. ಸ್ನೇಹಿತರೊಳಗೆ ಒಪ್ಪುತ್ತದೆ, ವ್ಯಾಪಾರದಲ್ಲಿ ಒಪ್ಪದು. 'ಮನ್ನಮ್ಯೊನ್ ಒತ್ತೊಲ್ಕಾಯೊ' ಎಂದರೆ ಯಾವ ತೊಡಕೂ ಇಲ್ಲ. ಇದು 'ಭೇಟಿಯಾದರೆ ಹೇಗಿದ್ದೀತು?' ಎಂಬ ನಮ್ಮ ಮಾತಿಗೆ ಅಕ್ಷರಶಃ ಸಮಾನ.

ಕೇಳಿಸಿಕೊಳ್ಳುವಾಗಲೂ ಎಚ್ಚರ ಬೇಕು. ಗ್ರಾಹಕರು ದರದ ಮಾತಿನ ಕೊನೆಯಲ್ಲಿ 'ಸು ಇಸ್ಸುಲ್ಕಾಯೊ' ಎಂದಾಗ 'ಇಳಿಸುವುದು ಸಾಧ್ಯವಾದೀತೇ?' ಎಂಬ ಸಂದೇಹವಷ್ಟೇ ಹೊರಗೆ ಕಾಣುತ್ತದೆ. ವಾಸ್ತವದಲ್ಲಿ ಅದು ಸೌಜನ್ಯದ ಹೊದಿಕೆಯುಳ್ಳ ಬೇಡಿಕೆ. ಉತ್ತರವಾಗಿ ಒಂದು ಅಂಕಿಯನ್ನು ನಿರೀಕ್ಷಿಸಲಾಗುತ್ತದೆ. ಇದಕ್ಕೆ ವಿರುದ್ಧವಾಗಿ, 'ಗೊಮ್ತೊಹೆ ಬೊಗೆಸ್ಸುಮ್ನಿದಾ', ಅಂದರೆ 'ಪರಿಶೀಲಿಸಿ ನೋಡುತ್ತೇವೆ', ಎಂಬ ಮಾತು ಎಷ್ಟೇ ಗಂಭೀರವಾಗಿ ಕೇಳಿಸಿದರೂ ಸಮ್ಮತಿಯಲ್ಲ. ಅದನ್ನೇ ನೆಚ್ಚಿ ಕಚ್ಚಾಮಾಲಿಗೆ ಮುಂಗಡ ಕೊಡಲಾಗದು. ಲಿಖಿತ ಆರ್ಡರಿಗಾಗಿ ಕಾಯಬೇಕು.